ಹಾಡಿದವರ ಹೆಸರು

ನಮ್ಮ ಕೆಳಗಿನ ಮನೆಯ ಮುದುಕರು ಒಂದು ಕಾಲದಲ್ಲಿ ಸಿನಿಮಾದಲ್ಲಿ ಹಾಡಿ ಕುಣಿದವರು ಎಂದು ನನಗೆ ಗೊತ್ತಾದದ್ದು ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ. ಮಷೀನು ತಿರುಗುವಷ್ಟು ಹೊತ್ತೂ ನಾನು ಅಲ್ಲೇ ಕಾವಲು ಕೂತಿರುತ್ತಿದ್ದೆ. ಹಿಂದಿನ ವಾರ ಯಾರೋ ಪುಣ್ಯಾತ್ಮರು ನನ್ನ ಒದ್ದೆ ಬಟ್ಟೆಗಳನ್ನು ತೆಗೆದು ನೆಲಕ್ಕೆ ಒಗೆದು ತಮ್ಮದನ್ನು ತುಂಬಿಕೊಂಡಿದ್ದರು, ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. ಏಳು ತಿಂಗಳ ಹೊಟ್ಟೆ ಬೇರೆ. ಮುದುಕರು ಅಂಗಿಯ ಕಾಲರಿಗೆ ಸೋಪು ಉಜ್ಜುತ್ತಾ ಏನೋ ಗುನುಗುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗೆ ನಿಲ್ಲುವ ಮೈ, ಬಟ್ಟೆ ಒಗೆಯಲು ಬಂದಾಗಲೂ ಇಸ್ತ್ರಿ ಮಾಡಿದ ಪ್ಯಾಂಟು. ಚೆನ್ನಾಗಿ ಹಾಡ್ತೀರಿ ಅಂದೆ, ಸುಮ್ಮನೆ ಮಾತಿಗೆ. ಅವರು ನಕ್ಕು, "ಒಂದು ಕಾಲದಲ್ಲಿ ಇದಕ್ಕೆ ನನಗೆ ಸಂಬಳ ಕೊಡುತ್ತಿದ್ದರು" ಅಂದರು.

ಅದು ಅಮೆರಿಕದ ಮೌಂಟನ್ ವ್ಯೂನಲ್ಲಿ, ಇಂಟರ್ನೆಟ್ ಕಂಪನಿಗಳ ಭರಾಟೆಯಲ್ಲಿ, ಎಲ್ಲರಿಗೂ ಸಂಬಳದ್ದೇ ಧ್ಯಾನವಾಗಿದ್ದ ಕಾಲ. ಯಾರ ಮನೆಗೆ ಊಟಕ್ಕೆ ಹೋದರೂ ಗಂಡಸರು ಸ್ಟಾಕಿನ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ನನ್ನ ಗಂಡ ಬೆಳಿಗ್ಗೆ ಏಳಕ್ಕೆ ರೆಡ್‌ವುಡ್ ಸಿಟಿಯ ಆಫೀಸಿಗೆ ಹೊರಟರೆ ಬರುವಾಗ ಕತ್ತಲಾಗಿರುತ್ತಿತ್ತು. ನನಗೆ ಡಿಪೆಂಡೆಂಟ್ ವೀಸಾ, ಕೆಲಸಕ್ಕೆ ಸೇರುವಂತಿಲ್ಲ. ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ಇಲ್ಲಿ ಒಂದು ಕಾಗದವನ್ನೂ ಟೈಪು ಮಾಡುವ ಹಾಗಿರಲಿಲ್ಲ. ಹಾಗಾಗಿ ಮಾತಾಡುವವರು ಸಿಕ್ಕರೆ ಬಿಡುತ್ತಿರಲಿಲ್ಲ. ಎರಡು ಲೋಡು ಬಟ್ಟೆ ಒಣಗುವಷ್ಟರಲ್ಲಿ ಅವರ ಸಿನಿಮಾ ಜೀವನವನ್ನೆಲ್ಲ ಕೇಳಿ ಮುಗಿಸಿದ್ದೆ, ಅಥವಾ ಮುಗಿಸಿದೆ ಎಂದುಕೊಂಡಿದ್ದೆ.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವರು ಆರು ಸಿನಿಮಾಗಳಲ್ಲಿ ನಟಿಸಿದ್ದರು. ಆರೂ ಹಾಡು, ಕುಣಿತ, ನಗೆಚಾಟಿಕೆಯ ಸಿನಿಮಾಗಳು. ಆರರಲ್ಲಿ ಐದರಲ್ಲಿ ಅವರು ಸಿಪಾಯಿ, ಇಲ್ಲವೆ ನೌಕಾಪಡೆಯ ಹುಡುಗ; ರಜೆಯ ಮೇಲೆ ಊರಿಗೆ ಬಂದು, ಯಾರದೋ ಹುಡುಗಿಯನ್ನು ಇನ್ಯಾರೋ ಎಂದುಕೊಂಡು ಪೇಚಿಗೆ ಸಿಕ್ಕಿ, ಕೊನೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಹಾಡುವುದು. ಹಾಲಿವುಡ್ಡಿಗೆ ಹೋಗುವ ಮುಂಚೆ ಒಂದು ಬ್ಯಾಂಡಿನ ಜೊತೆ ಊರೂರು ಸುತ್ತಿ ಹಾಡುತ್ತಿದ್ದರಂತೆ. ಸ್ಟುಡಿಯೋದವರು ನೋಡಿ ಕರೆದರು. ಒಂದೊಂದು ಸಿನಿಮಾಕ್ಕೆ ಆರು ವಾರ, ಅದು ಮುಗಿದ ಸೋಮವಾರವೇ ಮುಂದಿನದು, ಟೋಪಿ ಮಾತ್ರ ಬದಲು. ಕಿವಿಯ ತಮಟೆ ತೂತಾಗಿದ್ದರಿಂದ ಸೈನ್ಯದವರು ಅವರನ್ನು ಸೇರಿಸಿಕೊಂಡಿರಲಿಲ್ಲ. "ನನ್ನ ವಯಸ್ಸಿನವರೆಲ್ಲ ನಿಜವಾದ ಹಡಗಿನಲ್ಲಿದ್ದರು, ನಾನು ರಟ್ಟಿನ ಹಡಗಿನಲ್ಲಿ ನಿಂತು ಹಾಡುತ್ತಿದ್ದೆ" ಅಂದರು. ಯುದ್ಧ ಮುಗಿದ ಮೇಲೆ ಜನಕ್ಕೆ ಆ ಸಿನಿಮಾಗಳು ಬೇಡವಾದವು. ಸ್ಟುಡಿಯೋದವರು ಒಪ್ಪಂದ ಮುಂದುವರಿಸಲಿಲ್ಲ. ಇವರು ಮದುವೆಯಾಗಿ ಸ್ಯಾನ್ ಹೋಸೆಗೆ ಬಂದು ಗಂಡ ಹೆಂಡತಿ ಸೇರಿ ಪಿಯಾನೊ ಅಂಗಡಿ ಇಟ್ಟರು. ಮೂವತ್ತು ವರ್ಷ ಅದೇ ಕೆಲಸ. ಹೆಂಡತಿ ಹೋದ ಮೇಲೆ ಅಂಗಡಿ ಮಾರಿ ನಮ್ಮ ಕೆಳಗಿನ ಒಂದು ಬೆಡ್‌ರೂಮಿನ ಮನೆಗೆ ಬಂದಿದ್ದರು.

ಎರಡು ತಿಂಗಳಾದ ಮೇಲೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಮೈಸೂರಿನಿಂದ ಬಂದಳು. ಒಂದು ಸೂಟ್‌ಕೇಸಿನಲ್ಲಿ ಅವಳ ಸೀರೆಗಳು, ಇನ್ನೊಂದರಲ್ಲಿ ಪೂರಾ ಬಾಣಂತಿ ಸಾಮಾನು: ಅಂಟಿನುಂಡೆ, ಓಮ, ಬಜೆ, ಸಾಂಬ್ರಾಣಿ. ಏರ್‌ಪೋರ್ಟಿನಲ್ಲಿ ಬಜೆಯ ಬೇರನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದ ಅಧಿಕಾರಿಗೆ ಇವಳು ಅಚ್ಚ ಕನ್ನಡದಲ್ಲಿ "ಮಗು ನಾಲಿಗೆಗೆ ಕಣಪ್ಪ" ಅಂದಳಂತೆ. ಅವನು ಬಿಟ್ಟುಬಿಟ್ಟನಂತೆ.

ಅಮ್ಮನ ಬಗ್ಗೆ ಒಂದು ವಿಷಯ ಹೇಳಲೇಬೇಕು. ಅವಳು ರೇಡಿಯೊದ ಹೆಂಗಸು. ನಮ್ಮ ಮನೆಯಲ್ಲಿ ರೇಡಿಯೊ ಅಡುಗೆಮನೆಯ ಗೂಡಿನಲ್ಲಿತ್ತು, ದೇವರು ನಡುಮನೆಯ ಗೂಡಿನಲ್ಲಿ, ಇಬ್ಬರಲ್ಲಿ ಯಾರಿಗೆ ಹೆಚ್ಚು ಗಮನ ಸಿಗುತ್ತಿತ್ತು ಎಂದು ಹೇಳುವುದು ಕಷ್ಟ. ಚಿತ್ರಗೀತೆ ಬಂದರೆ ಒಗ್ಗರಣೆ ಸೌಟು ಕೈಯಲ್ಲೇ ನಿಲ್ಲುತ್ತಿತ್ತು. ಅವಳೂ ಅವಳ ತಂಗಿಯರೂ ಸೇರಿದರೆ ಒಂದು ಆಟ: ಉದ್ಘೋಷಕಿ ಹೆಸರುಗಳನ್ನು ಹೇಳುವಾಗ ಕಿವಿ ಮುಚ್ಚಿಕೊಂಡಿದ್ದು, ಮೊದಲ ಸಾಲು ಮುಗಿಯುವುದರೊಳಗೆ ಹಾಡುತ್ತಿರುವವರು ಯಾರೆಂದು ಹೇಳಬೇಕು. ಅಮ್ಮ ಎರಡನೆಯ ಪದಕ್ಕೇ ಹೇಳುತ್ತಿದ್ದಳು. ತೆರೆಯ ಮೇಲೆ ಯಾರು ತುಟಿ ಆಡಿಸಿದರು ಎನ್ನುವುದು ಅವಳಿಗೆ ಆಮೇಲಿನ ವಿಷಯ.

ಕೆಳಗಿನ ಮನೆ ಯಜಮಾನರು ಸಿನಿಮಾದವರು ಎಂದು ಹೇಳಿದ ಕೂಡಲೇ ಅಮ್ಮನ ಕಿವಿ ನೆಟ್ಟಗಾಯಿತು. ಅವರ ಹತ್ತಿರ ಆರರಲ್ಲಿ ಐದು ಸಿನಿಮಾಗಳ ವಿಡಿಯೊ ಕ್ಯಾಸೆಟ್ಟುಗಳಿದ್ದವು. ಬುಧವಾರ ಮಧ್ಯಾಹ್ನ ಮಗು ಮಲಗಿದ ಮೇಲೆ ಅದನ್ನು ಬುಟ್ಟಿಯ ಸಮೇತ ಎತ್ತಿಕೊಂಡು ಕೆಳಗಿಳಿಯುವುದು ನಮ್ಮ ರೂಢಿಯಾಯಿತು. ಅವರು ಚಹಾ ಮಾಡುತ್ತಿದ್ದರು, ಅಮ್ಮ ಕೋಡುಬಳೆ ತರುತ್ತಿದ್ದಳು. ಕೋಡುಬಳೆ ಕಚ್ಚುವಾಗ ಅವರು ಹಲ್ಲಿನ ಸೆಟ್ಟಿಗಾಗಿ ಒಂದು ಕ್ಷಣ ಪ್ರಾರ್ಥನೆ ಮಾಡಿಕೊಳ್ಳುವಂತೆ ಕಾಣುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ನಾನು ಅನುವಾದ ಮಾಡಲು ಹೋದರೆ ಅಮ್ಮ ಕೈ ಅಡ್ಡ ಹಿಡಿಯುತ್ತಿದ್ದಳು. "ಬೇಡ ಸುಮ್ನಿರೇ, ಗೊತ್ತಾಗತ್ತೆ. ಆ ಹುಡುಗಿ ಇವ್ನನ್ನ ಆಫೀಸರ್ರು ಅನ್ಕೊಂಡಿದಾಳೆ, ಇವ್ನು ಅಡುಗೆಯೋನು. ನಮ್ ಸಿನಿಮಾದಲ್ಲೂ ಹೀಗೇ ಅಲ್ವಾ?"

ನಿಜವಾಗಿ ಆ ಸಿನಿಮಾಗಳು ನನಗೂ ಹಿಡಿಸಿದವು. ಮುಖ್ಯ ನಾಯಕನಿಗೆ ನಾಯಕಿ ಸಿಗುತ್ತಿದ್ದಳು, ಇವರು ನಾಯಕನ ಗೆಳೆಯ. ಕಪ್ಪುಬಿಳುಪಿನಲ್ಲಿ ಇಪ್ಪತ್ತೈದರ ಹುಡುಗ, ತಲೆಗೆ ಸೊಟ್ಟಗೆ ಟೋಪಿ, ಮೇಜಿನ ಮೇಲೆ ಹತ್ತಿ ಕುಣಿದು ಕೊನೆಯ ಸಾಲನ್ನು ಮೂಗಿನಲ್ಲಿ ಸ್ವಲ್ಪ ಎಳೆದು ನಿಲ್ಲಿಸುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಅದೇ ಹುಡುಗ ಎಂಬತ್ತರ ಮುದುಕನಾಗಿ ಕೂತಿರುತ್ತಿದ್ದ. ಹಾಡು ಬಂದಾಗೆಲ್ಲ ಅವರಿಗೆ ಗೊತ್ತಿಲ್ಲದೆಯೇ ಅವರ ತುಟಿಗಳು ಟಿವಿಯ ಜೊತೆ ಆಡುತ್ತಿದ್ದವು, ಒಂದು ಅಕ್ಷರ ಹಿಂದೆ ಮುಂದೆ ಆಗದಂತೆ. ಅಮ್ಮ ನನ್ನನ್ನು ಮೊಣಕೈಯಲ್ಲಿ ತಿವಿದು ಅದನ್ನು ತೋರಿಸಿದಳು. "ಪಾಪ, ಅಭ್ಯಾಸ ಹೋಗಿಲ್ಲ" ಅಂದಳು.

ನಾಲ್ಕನೆಯ ಸಿನಿಮಾದ ಕ್ಯಾಸೆಟ್ಟು ಮಾತ್ರ ಅವರ ಹತ್ತಿರ ಇರಲಿಲ್ಲ. ಅವರ ಹೆಸರು ಉಳಿದದ್ದೇ ಅದರಿಂದ. ಅದರಲ್ಲಿ ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಹೊರಡುವ ಸಿಪಾಯಿಗಳನ್ನು ನೋಡುತ್ತಾ ಒಂದು ನಿಧಾನದ ಹಾಡು ಹಾಡುತ್ತಾರೆ. ಆ ಕಾಲದಲ್ಲಿ ಅಮೆರಿಕದಲ್ಲಿ ಅದನ್ನು ಕೇಳದ ಮನೆ ಇರಲಿಲ್ಲವಂತೆ. ಅವರಿಗೆ ಒಬ್ಬಳೇ ಮಗಳು, ಮಾರ್ಗನ್ ಹಿಲ್‌ನಲ್ಲಿ ಸ್ಕೂಲ್ ಟೀಚರು, ಐವತ್ತರ ಹತ್ತಿರದವಳು. ಅಪ್ಪನಿಗೆ ಎಂಬತ್ತು ತುಂಬುವ ತಿಂಗಳಲ್ಲಿ, ಹಳೆಯ ಸಿನಿಮಾಗಳನ್ನೇ ಹಾಕುವ ಒಂದು ಥಿಯೇಟರಿನವರೊಡನೆ ಮಾತಾಡಿ ಆ ಸಿನಿಮಾದ ಒಂದು ಪ್ರದರ್ಶನ ಗೊತ್ತು ಮಾಡಿದ್ದಳು. ಸಿನಿಮಾಕ್ಕೆ ಮುಂಚೆ ಅಪ್ಪ ವೇದಿಕೆಯ ಮೇಲೆ ನಿಂತು ಆ ಹಾಡು ಹಾಡಬೇಕು, ಅದು ಅವಳ ಆಸೆ. ಒಂದು ಬುಧವಾರ ಎಲ್ಲಿಂದಲೋ ಆ ಕ್ಯಾಸೆಟ್ಟನ್ನೂ ಹುಡುಕಿ ತಂದಳು. ನಾವೂ ಹೋದೆವು.

ಹಾಡು ಬಂತು. ಬಹಳ ಚೆನ್ನಾಗಿತ್ತು. ಮಗಳು ಕಣ್ಣೊರೆಸಿಕೊಂಡು, ನನ್ನ ತಾಯಿ ಮೊದಲು ಪ್ರೀತಿಸಿದ್ದೇ ಈ ಹಾಡನ್ನು, ಆಮೇಲೆ ಅಪ್ಪನನ್ನು ಅಂದಳು. ಅವಳ ತಾಯಿ ಆಗ ಗಾಯಾಳು ಸೈನಿಕರ ಆಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ದಿನವೂ ಈ ಹಾಡಿನ ಗ್ರಾಮಫೋನ್ ಪ್ಲೇಟು ಹಾಕಿಸುತ್ತಿದ್ದರಂತೆ. ಈಕೆ ಹಾಡಿದವರಿಗೆ ಒಂದು ಕಾಗದ ಬರೆದಳು, ಅದೇ ಶುರು.

ನಾನು ಇದನ್ನು ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಅರ್ಧ ಕೇಳಿಸಿಕೊಂಡು, "ಈ ಹಾಡ್ನ ಇವ್ರಿಗೆ ಯಾರು ಹಾಡಿರೋದು ಕೇಳೇ. ಎಂಥಾ ಗಂಟಲು!" ಅಂದಳು.

ನನ್ನ ಬುದ್ಧಿಗೆ ಏನಾಗಿತ್ತೋ. ನಾನೂ ಅದೇ ಮನೆಯಲ್ಲಿ ಬೆಳೆದವಳು; ಆ ಪ್ರಶ್ನೆಯಲ್ಲಿ ತಪ್ಪೇನಾದರೂ ಇರಬಹುದು ಎಂದು ನನಗೂ ಹೊಳೆಯಲಿಲ್ಲ. ನಮ್ಮಲ್ಲಿ ಎಂಥ ದೊಡ್ಡ ನಾಯಕನಿಗೂ ಹಿನ್ನೆಲೆಯಿಂದ ಇನ್ನೊಬ್ಬರು ಹಾಡುವುದು ಲೋಕಕ್ಕೇ ಗೊತ್ತು, ಅವರಿಗೆ ಬೇರೆಯದೇ ಗೌರವ. ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಕೇಳಿಬಿಟ್ಟೆ. ಮಗಳು ನಕ್ಕಳು. "ಯಾರು ಅಂದರೇನು, ಅಪ್ಪನೇ!"

ಅಮ್ಮ ತಲೆಯಾಡಿಸಿದಳು. "ಅಲ್ಲ ಕಣೇ. ಇವ್ರು ಸಾಲು ಮುಗಿದ್ಮೇಲೆ ಉಸಿರು ತಗೋತಾರೆ, ಕೊನೆ ಸ್ವರ ಮೂಗಿಗೆ ಹೋಗತ್ತೆ. ಈತ ಮಧ್ಯದಲ್ಲೇ ಕದ್ದು ತಗೊಂಡ್‌ಬಿಡ್ತಾನೆ, ಗೊತ್ತೇ ಆಗಲ್ಲ. ಬೇರೆ ಗಂಟಲು. ಆ ಪುಣ್ಯಾತ್ಮನ ಹೆಸರೇನು ಕೇಳು."

ಅದನ್ನೂ ಹೇಳಿದೆ. ಉಸಿರಿನ ವಿಷಯ, ಮೂಗಿನ ವಿಷಯ, ಎಲ್ಲ, ಪರೀಕ್ಷೆಯಲ್ಲಿ ಉತ್ತರ ಒಪ್ಪಿಸುವ ಹುಡುಗಿಯ ಹಾಗೆ. ಹೇಳಿ ಮುಗಿಸುವಾಗ ಅವರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ಎದ್ದು ಟಿವಿ ಆರಿಸಿ, ಇವತ್ತು ಸುಸ್ತಾಗಿದೆ ಅಂದರು. ಮಗಳು ಅಪ್ಪನನ್ನೂ ನಮ್ಮನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ನಾನು ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಕೋಡುಬಳೆಯ ಡಬ್ಬಿ ಅಲ್ಲೇ ಉಳಿಯಿತು.

ಎರಡು ಬುಧವಾರ ಕಳೆದವು, ಅವರು ಬಾಗಿಲು ತೆರೆಯಲಿಲ್ಲ. ಮಗಳ ಫೋನು ಬಂತು. ಅಪ್ಪ ಥಿಯೇಟರಿಗೆ ಬರುವುದೇ ಇಲ್ಲ ಅನ್ನುತ್ತಿದ್ದಾರೆ, ನಿಮ್ಮ ತಾಯಿಯ ಮಾತಿನಿಂದ ನೊಂದಿರಬೇಕು, ಜೀವಮಾನವೆಲ್ಲ ಹಾಡಿದ ಹಾಡನ್ನು ನಿನ್ನದಲ್ಲ ಅಂದರೆ ಯಾರಿಗಾದರೂ ಹೇಗಿರುತ್ತದೆ, ಎಂದಳು. ದನಿ ಏರಿಸಲಿಲ್ಲ, ಅದಕ್ಕೇ ಇನ್ನೂ ನಾಚಿಕೆಯಾಯಿತು. ಫೋನಿಟ್ಟು ನಾನು ಅಮ್ಮನ ಮೇಲೆ ಹರಿಹಾಯ್ದೆ. ಬಂದ ಊರಿನ ರೀತಿ ತಿಳಿಯದೆ ಬಾಯಿ ಹಾಕಬಾರದು, ಇಲ್ಲಿ ಬೇರೆಯವರ ದನಿ ಇಟ್ಟುಕೊಂಡರೆ ಅದು ಮೋಸದ ಲೆಕ್ಕ, ಯಾರೂ ಒಪ್ಪಿಕೊಳ್ಳುವುದಿಲ್ಲ, ಇನ್ನು ಆ ಮನೆಗೆ ಹೇಗೆ ಮುಖ ತೋರಿಸುವುದು, ಹೀಗೆ.

ಅಮ್ಮ ಮಗುವಿನ ಬಟ್ಟೆ ಮಡಿಸುತ್ತಾ ಕೇಳಿದಳು. "ಹಾಡ್ದೋರ ಹೆಸರು ಕೇಳೋದ್ರಲ್ಲಿ ತಪ್ಪೇನೇ?" ಅಂದಳು. ಅವಳಿಗೆ ಪಶ್ಚಾತ್ತಾಪ ಆಗಿರಲಿಲ್ಲ, ಅರ್ಥವೇ ಆಗಿರಲಿಲ್ಲ. "ಹಾಡು ಬರ್ದೋನ ಹೆಸರು ಹೇಳ್ತಾರೆ, ಬಾರ್ಸೋನ ಹೆಸರು ಹೇಳ್ತಾರೆ. ಹಾಡ್ದೋನು ಏನು ಪಾಪ ಮಾಡಿದ್ದ?" ನಾನು ಇನ್ನಷ್ಟು ಸಿಟ್ಟಾದೆ. ಉತ್ತರ ಗೊತ್ತಿಲ್ಲದಾಗ ನಾನು ಮಾಡುವುದು ಅದೇ.

ಅವರು ನಮ್ಮ ಮನೆಗೆ ಬಂದದ್ದು ಸಾಂಬ್ರಾಣಿಯಿಂದ. ಮಗುವಿಗೆ ಎಣ್ಣೆನೀರು ಹಾಕಿದ ಮೇಲೆ ಅಮ್ಮ ತಪ್ಪದೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದಳು. ಅದಕ್ಕೆ ಮುಂಚೆ ಸ್ಮೋಕ್ ಅಲಾರಮ್ಮಿಗೆ ನಾನು ಒಂದು ಪ್ಲಾಸ್ಟಿಕ್ ಶವರ್ ಕ್ಯಾಪು ತೊಡಿಸಬೇಕಿತ್ತು. ಆ ದಿನ ಮರೆತೆ. ಅಲಾರಮ್ಮು ಕಿರುಚಿಕೊಂಡಿತು, ಮಗು ಅದಕ್ಕಿಂತ ಜೋರಾಗಿ ಕಿರುಚಿತು. ಬಾಗಿಲು ಬಡಿದ ಸದ್ದಾಗಿ ತೆರೆದರೆ ಅವರು, ಕೈಯಲ್ಲಿ ಪೊರಕೆ. ಒಳಗೆ ಬಂದು ಪೊರಕೆಯ ಹಿಡಿಯಿಂದ ಅಲಾರಮ್ಮಿನ ಗುಂಡಿ ಒತ್ತಿ ಬಾಯಿ ಮುಚ್ಚಿಸಿದರು, ಕಿಟಕಿ ತೆಗೆದರು, ನ್ಯೂಸ್‌ಪೇಪರಿನಿಂದ ಹೊಗೆ ಬೀಸಿದರು. ಹೊಗೆ ಹೋದ ಮೇಲೂ ಹೋಗಲಿಲ್ಲ. ಅಮ್ಮ ಮಗುವನ್ನು ಬಿಗಿಯಾಗಿ ಸುತ್ತಿ ನನ್ನ ಕೈಗೆ ಕೊಟ್ಟು ಕಾಫಿ ಬೆರೆಸಿ ತಂದಳು. ಅವರು ಲೋಟ ಹಿಡಿದುಕೊಂಡು, "ನಿಮ್ಮ ತಾಯಿಗೆ ಹೇಳಿ, ಅವರ ಕಿವಿ ಸರಿಯಾಗಿದೆ" ಅಂದರು.

ಆಮೇಲೆ ಅವರು ಹೇಳುತ್ತಾ ಹೋದರು, ನಾನು ಒಂದೊಂದೇ ವಾಕ್ಯ ಅಮ್ಮನಿಗೆ ದಾಟಿಸುತ್ತಾ ಹೋದೆ.

ನಾಲ್ಕನೆಯ ಸಿನಿಮಾದ ಹೊತ್ತಿಗೆ ಅವರ ಗಂಟಲು ಕೆಟ್ಟಿತ್ತು. ಡಾಕ್ಟರು ಒಂದು ತಿಂಗಳು ಮಾತನ್ನೇ ಆಡಬೇಡ ಎಂದಿದ್ದರು. ಸ್ಟುಡಿಯೋ ಕಾಯಲಿಲ್ಲ. ಹಿಮ್ಮೇಳದಲ್ಲಿ ಹಾಡುತ್ತಿದ್ದ ಒಬ್ಬನನ್ನು ಕರೆಸಿ ಬೆಳಿಗ್ಗೆ ಹಾಡಿಸಿದರು, ಮಧ್ಯಾಹ್ನ ಇವರು ಪ್ಲಾಟ್‌ಫಾರ್ಮಿನ ಮೇಲೆ ನಿಂತು ತುಟಿ ಆಡಿಸಿದರು. ಇಬ್ಬರಿಂದಲೂ ಬಾಯಿ ಬಿಡುವುದಿಲ್ಲ ಎಂದು ಬರೆಸಿಕೊಂಡರು. ಇಷ್ಟೇ ಆಗಿದ್ದರೆ ಮರೆತುಹೋಗುತ್ತಿತ್ತು. ಆದರೆ ಹತ್ತಾರು ಹಾಡು ಹಾಡಿದವರಿಗೆ ಹೆಸರು ತಂದದ್ದು ಹಾಡದ ಆ ಒಂದು ಹಾಡು. ಹೋದಲ್ಲೆಲ್ಲ ಅದನ್ನೇ ಹಾಡು ಎನ್ನುತ್ತಿದ್ದರು. ಇವರು ಗಂಟಲು ಸರಿಯಾದ ಮೇಲೆ ಬಾಗಿಲು ಹಾಕಿಕೊಂಡು, ಆ ಪ್ಲೇಟನ್ನು ನೂರು ಸಲ ಹಾಕಿ, ಅವನ ಹಾಗೆ ಹಾಡುವುದನ್ನು ಕಲಿತರು. ಅವನು ಉಸಿರು ಕದಿಯುವ ಜಾಗದಲ್ಲೇ ಉಸಿರು ಕದಿಯುವುದನ್ನೂ ಕಲಿತರು. ಹೆಂಡತಿಗೆ ಹೇಳಲಿಲ್ಲ. ಅವಳು ಕಾಗದ ಬರೆದದ್ದು ಆ ದನಿಗೆ. ನನ್ನದಲ್ಲ ಎಂದರೆ ನನ್ನದೆನ್ನುವುದು ಏನು ಉಳಿಯುತ್ತಿತ್ತು, ಎಂದರು.

ಇದರ ಮುಂದಿನದನ್ನು ಅವರು ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಕಾಫಿ ಆರಿಹೋಗಿತ್ತು. ಅಮ್ಮ ಇನ್ನೊಂದು ಲೋಟ ತಂದಿಟ್ಟ ಮೇಲೆ ಹೇಳಿದರು.

ಅಂಗಡಿ ಇಟ್ಟು ಕೆಲವು ವರ್ಷಗಳಾದ ಮೇಲೆ ಒಂದು ಶನಿವಾರ ಆ ಮನುಷ್ಯ ಪಿಯಾನೊ ಅಂಗಡಿಗೆ ಬಂದ. ಜೊತೆಯಲ್ಲಿ ಹತ್ತು ವರ್ಷದ ಮಗಳು. ಕೊಳ್ಳಲು ಬಂದದ್ದಲ್ಲ. ಮಗಳು ಒಂದು ಪಿಯಾನೊದ ಮೇಲೆ ಬೆರಳಾಡಿಸುತ್ತಿದ್ದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಬಹಳ ಮೆತ್ತಗೆ, ಆ ಹಾಡು ಹಾಡಿದ್ದು ನಾನು ಎಂದರೆ ಇವಳು ನಂಬುವುದಿಲ್ಲ, ಸ್ಕೂಲಿನಲ್ಲಿ ಹೇಳಿಕೊಂಡು ಎಲ್ಲರೂ ನಕ್ಕರಂತೆ, ಬೇರೆ ಯಾರಿಗೂ ಹೇಳುವುದು ಬೇಡ, ಇವಳೊಬ್ಬಳಿಗೆ ನೀವು ಒಂದು ಮಾತು ಹೇಳಿದರೆ ಸಾಕು, ಎಂದ. ಮೂರು ಮಾರು ದೂರದಲ್ಲಿ ಇವರ ಹೆಂಡತಿ ನಿಂತಿದ್ದಳು.

"ನೀವು ಏನೋ ತಪ್ಪು ತಿಳಿದುಕೊಂಡಿದ್ದೀರಿ ಅಂದೆ" ಎಂದರು ಅವರು. "ಆ ಹುಡುಗಿ ಅವಳಪ್ಪನ ಮುಖ ನೋಡಿದಳು. ಅವನು ತೊಂದರೆ ಕೊಟ್ಟೆ ಕ್ಷಮಿಸಿ ಅಂತ ಹೇಳಿ, ಪಿಯಾನೊದ ಮುಚ್ಚಳ ಸದ್ದಾಗದ ಹಾಗೆ ಹಾಕಿ, ಅವಳ ಕೈ ಹಿಡಿದುಕೊಂಡು ಹೊರಟುಹೋದ."

ಇದನ್ನು ಕನ್ನಡದಲ್ಲಿ ಹೇಳುವಾಗ ನಾನು ಎರಡು ಸಲ ಮೊದಲಿನಿಂದ ಶುರುಮಾಡಬೇಕಾಯಿತು. ಎರಡು ತಿಂಗಳ ಹಸುಗೂಸು ನನ್ನ ತೊಡೆಯ ಮೇಲಿತ್ತು. ಅದರಪ್ಪ ಹೇಳಿದ್ದನ್ನು ಯಾರೋ ಅದರ ಮುಂದೆಯೇ ಸುಳ್ಳು ಮಾಡಿಬಿಟ್ಟರೆ ಎಂದು ನೆನೆದು ಅವರ ಮೇಲೆ ವಿಪರೀತ ಕೋಪ ಬಂತು. ಅಷ್ಟೇ ಅಯ್ಯೋ ಅನ್ನಿಸಿತು. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಹುಡುಕಿದರಂತೆ. ಅವನು ಸತ್ತು ಬಹಳ ವರ್ಷವಾಗಿತ್ತು. ಅವನ ಮಗಳು ಮದುವೆಯಾಗಿ ಎಲ್ಲಿಗೋ ಹೋಗಿದ್ದಳು. ಈಗ ಥಿಯೇಟರಿನಲ್ಲಿ ನಿಂತು ಆ ಹಾಡನ್ನು ಇನ್ನೊಂದು ಸಲ ಕದಿಯುವುದು ತಮ್ಮಿಂದ ಆಗದು. ನಿಜ ಹೇಳೋಣವೆಂದರೆ, ತಾಯಿ ತಂದೆಯ ಮದುವೆಯನ್ನೇ ಆ ಹಾಡಿಗೆ ಕಟ್ಟಿಕೊಂಡು ಬೆಳೆದಿರುವ ಮಗಳು ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಅದಕ್ಕೇ ಹೋಗುವುದೇ ಬೇಡ ಎಂದು ತೀರ್ಮಾನಿಸಿದ್ದೇನೆ, ಎಂದರು.

ಅಮ್ಮ ಆರಿದ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಅಂದಳು, "ಇವ್ರ ಮಗಳಿಗೆ ಐವತ್ತು ವರ್ಷ ಆಗಿದೆ, ತಡ್ಕೋತಾಳೆ. ಆ ಮಗು ಇನ್ನೂ ಹತ್ತು ವರ್ಷದ್ದೇ, ಆ ಅಂಗಡೀಲೇ ನಿಂತಿದೆ."

ನಾನು ಅನುವಾದ ಮಾಡಲೋ ಬೇಡವೋ ಎಂದು ಅನುಮಾನಿಸಿದೆ. ಒಮ್ಮೆ ಅನುವಾದ ಮಾಡಿ ಆಗಿದ್ದ ಅನಾಹುತ ಸಾಕಾಗಿತ್ತು. ಅವರು ನನ್ನನ್ನೇ ನೋಡುತ್ತಿದ್ದರು. ಹೇಳಿದೆ.

"ಹೆಸರೇನಂತೆ?" ಎಂದು ಅಮ್ಮ ಮತ್ತೆ ಕೇಳಿದಳು. ಈ ಸಲ ಅವರು ಹೇಳಿದರು. ಅಮ್ಮ ಅದನ್ನು ನಾಲ್ಕು ಸಲ ಹೇಳಿ ನಾಲಿಗೆಗೆ ಕೂರಿಸಿಕೊಂಡಳು. ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿ ಅವರು ಕಣ್ಣು ಮುಚ್ಚಿಕೊಂಡರು. ನಾನು ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರಿನ ಬಗ್ಗೆಯೇ ಇಷ್ಟೆಲ್ಲ ಬರೆದು ಹೆಸರು ಬರೆಯದಿರುವುದು ನನಗೂ ಚುಚ್ಚುತ್ತದೆ. ಆದರೆ ಹಾಡಿದವನ ಆ ಮಗಳು ಎಲ್ಲಿದ್ದಾಳೋ, ಅವಳನ್ನು ಕೇಳದೆ ಬರೆಯುವ ಹಕ್ಕು ನನಗಿಲ್ಲ.

ಅಮ್ಮನಿಗೆ ಹೆಸರಿನ ಮೇಲೆ ಯಾಕಿಷ್ಟು ಹಟ ಎಂದು ನಾನು ನಮ್ಮ ರೇಡಿಯೊದ ವಿಷಯ ಅವರಿಗೆ ಹೇಳಿದೆ. ಹೊರಡುವ ಮುಂಚೆ ಅವರು, ನಿಮ್ಮ ರೇಡಿಯೊದಲ್ಲಿ ಹಾಡಿದವರ ಹೆಸರನ್ನು ನಿಜವಾಗಿಯೂ ದಿನಾ ಹೇಳುತ್ತಿದ್ದರೇ ಎಂದು ಕೇಳಿದರು. ಅಮ್ಮ ಸೋಫಾದಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಉದ್ಘೋಷಕಿಯ ದನಿಯಲ್ಲೇ ಹೇಳಿ ತೋರಿಸಿದಳು. ಮೊದಲು ಚಿತ್ರದ ಹೆಸರು. ಆಮೇಲೆ ಸಾಹಿತ್ಯ. ಆಮೇಲೆ ಸಂಗೀತ. ಕೊನೆಗೆ ಒಂದು ಚೂರು ನಿಲ್ಲಿಸಿ, ಹಾಡಿದವರು. "ಕೊನೇಲಿ ಹೇಳೋದು ಯಾಕಂದ್ರೆ, ಅದು ಕಿವೀಲಿ ಇರೋ ಹಾಗೇ ಹಾಡು ಶುರುವಾಗ್ಬೇಕು" ಅಂದಳು. ಈ ಕಾರಣ ಅವಳೇ ಹುಟ್ಟಿಸಿದ್ದು ಎಂದು ನನಗೆ ಅನುಮಾನ. ಅವರು ಇನ್ನೊಂದು ಸಲ ಹೇಳಿಸಿಕೊಂಡು, ಪೊರಕೆ ತೆಗೆದುಕೊಂಡು ಕೆಳಗಿಳಿದರು.

ಆ ವಾರ ನನ್ನ ಗಂಡ ಕಂಪ್ಯೂಟರಿನಲ್ಲಿ ಆ ಹೆಸರು ಹಾಕಿ ಹುಡುಕಿದರು. ಇಂಟರ್ನೆಟ್ಟಿನಲ್ಲಿ ಇನ್ನು ಎಲ್ಲವೂ ಸಿಗುತ್ತದೆ ಎಂದು ಊರಿಗೆ ಊರೇ ನಂಬಿದ್ದ ದಿನಗಳು, ನಮ್ಮ ಮನೆಯ ಅನ್ನವೂ ಆ ನಂಬಿಕೆಯಿಂದಲೇ ಬೇಯುತ್ತಿತ್ತು. ಏನೂ ಸಿಗಲಿಲ್ಲ. ಯಾರೂ ಎಲ್ಲೂ ಹೇಳದೆ ಇದ್ದ ಹೆಸರು ಎಲ್ಲಿಂದ ಸಿಗಬೇಕು.

ಪ್ರದರ್ಶನಕ್ಕೆ ಅವರು ಬರುತ್ತಾರೋ ಇಲ್ಲವೋ ಎನ್ನುವುದು ಆ ಬೆಳಿಗ್ಗೆಯವರೆಗೂ ಗೊತ್ತಿರಲಿಲ್ಲ. ಭಾನುವಾರ ಹತ್ತಕ್ಕೆ ಮಗಳ ಕಾರು ಬಂತು. ಅವರು ಬೋ ಟೈ ಕಟ್ಟಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ನಮ್ಮನ್ನು ನೋಡಿ ತಲೆಯಾಡಿಸಿದರು. ಮಗಳ ಮುಖದಲ್ಲಿ ಸಂತೋಷ ಕುಣಿಯುತ್ತಿತ್ತು. ಅವಳಿಗೆ ಏನೂ ತಿಳಿದಿಲ್ಲ ಎಂದು ಅದನ್ನು ನೋಡಿಯೇ ಗೊತ್ತಾಯಿತು. ಅಮ್ಮ ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಸ್ವೆಟರು, ಕಾಲಿಗೆ ನನ್ನ ಸ್ನೀಕರ್ಸು ಹಾಕಿದ್ದಳು.

ಥಿಯೇಟರಿನಲ್ಲಿ ತಲೆಗಳೆಲ್ಲ ಬಿಳಿ. ವಾಕರ್ ಹಿಡಿದು ಬಂದವರಿದ್ದರು, ಒಬ್ಬರು ಹಳೆಯ ನೌಕಾಪಡೆಯ ಟೋಪಿ ಹಾಕಿಕೊಂಡು ಬಂದಿದ್ದರು. ನಾವು ಮುಂದಿನ ಸಾಲಿನಲ್ಲಿ ಕೂತೆವು, ಅವರ ಮಗಳು ಅಮ್ಮನ ಪಕ್ಕದಲ್ಲಿ. ಮಗು ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಥಿಯೇಟರಿನವರು ಅವರನ್ನು ವೇದಿಕೆಗೆ ಕರೆದು ಮೈಕು ಕೊಟ್ಟರು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪಿಯಾನೊ ನುಡಿಸುವವನು ಶುರುವಿನ ಸ್ವರ ಕೊಟ್ಟ. ಅವರು ಅವನ ಕಡೆ ತಿರುಗಿ ಬೇಡ ಎಂದು ಕೈ ಸನ್ನೆ ಮಾಡಿದರು.

ಅವರು ಮೊದಲು ಚಿತ್ರದ ಹೆಸರು ಹೇಳಿದರು. ಆಮೇಲೆ ಹಾಡು ಬರೆದವರ ಹೆಸರು. ಆಮೇಲೆ ಸಂಗೀತ ಮಾಡಿದವರದು. ಇಂಗ್ಲಿಷಿನಲ್ಲಿ ಎರಡು ವಾಕ್ಯ ಗೊತ್ತಿಲ್ಲದ ನನ್ನಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವರು ಒಂದು ಚೂರು ನಿಲ್ಲಿಸಿದರು. ಆ ಹೆಸರು ಹೇಳಿದರು. ಅವರ ಬಾಯಿಂದ ಅದು ಬರುವಾಗಲೇ ಅಮ್ಮನ ತುಟಿಯಿಂದಲೂ ಬಂತು.

ಜನಕ್ಕೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು, ಹೆಚ್ಚು ಮಾತಿಲ್ಲದೆ. ಈ ಹಾಡು ಹಾಡಿದವರು ಅವರು, ನಾನಲ್ಲ, ನಾನು ತುಟಿ ಆಡಿಸಿದೆ. ಅವರು ಒಮ್ಮೆ ತಮ್ಮ ಮಗಳನ್ನು ನನ್ನ ಹತ್ತಿರ ಕರೆದುಕೊಂಡು ಬಂದರು, ನಾನು ಅವಳ ಎದುರಿಗೇ ಸುಳ್ಳು ಹೇಳಿದೆ. ಅವಳು ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ. ಇಲ್ಲಿ ಇರುವ ಯಾರಾದರೂ ಅವಳನ್ನು ಬಲ್ಲವರಿದ್ದರೆ ದಯವಿಟ್ಟು ಹೇಳಿ, ಅವಳ ಅಪ್ಪ ಹೇಳಿದ್ದು ನಿಜ.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಾನು ಅವರ ಮಗಳ ಕಡೆ ನೋಡಲು ಹೆದರಿ ನನ್ನ ಮಗುವಿನ ಕಾಲುಚೀಲ ಸರಿಮಾಡಿದೆ. ಅವರು ವೇದಿಕೆಯ ಅಂಚಿನಲ್ಲಿದ್ದ ಕುರ್ಚಿಯಲ್ಲಿ ಕೂತರು. ದೀಪ ಆರಿತು, ಸಿನಿಮಾ ಶುರುವಾಯಿತು. ಜನ ನಗಬೇಕಾದ ಕಡೆ ನಗಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ನಕ್ಕರು. ಮುಕ್ಕಾಲು ಗಂಟೆ ಕಳೆದ ಮೇಲೆ ಪ್ಲಾಟ್‌ಫಾರ್ಮು ಬಂತು, ರೈಲಿನ ಹೊಗೆ ಬಂತು, ಹುಡುಗ ಟೋಪಿ ತೆಗೆದ, ಆ ದನಿ ಬಂತು.

ಆಗ ಅವರ ಮಗಳ ಕಡೆ ನೋಡಿದೆ. ಅವಳು ತೆರೆಯನ್ನು ನೋಡುತ್ತಿರಲಿಲ್ಲ. ಮುಂದೆ ಬಾಗಿ, ಕೆನ್ನೆ ಒದ್ದೆ ಮಾಡಿಕೊಂಡು, ಅಪ್ಪನನ್ನು ನೋಡುತ್ತಿದ್ದಳು. ಅಮ್ಮ ತನ್ನ ಸ್ವೆಟರಿನ ತೋಳಿನಿಂದ ಕೈ ಹೊರಗೆ ತೆಗೆದು ಅವಳ ಕೈಯ ಮೇಲಿಟ್ಟಳು. ನಾನೂ ಅವರನ್ನೇ ನೋಡಿದೆ. ತೆರೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತಿತ್ತು. ಮೇಲೆ ಅಷ್ಟು ದೊಡ್ಡದಾಗಿ ಇಪ್ಪತ್ತೈದರ ಹುಡುಗನ ತುಟಿ ಆಡುತ್ತಿತ್ತು. ಕೆಳಗೆ ಅವರು ಕೈ ಕಟ್ಟಿಕೊಂಡು ಕೇಳುತ್ತಿದ್ದರು. ಹಾಡು ಮುಗಿಯುವವರೆಗೂ ಅವರ ತುಟಿ ಅಲ್ಲಾಡಲಿಲ್ಲ.